ಸಿಂಬೆಯ ಮೇಲಿನ ಮರಿ

“ಪ್ರಾಣಿಗಳ ವಿಡಿಯೋ ಬೇಡ ದಕ್ತೂರ್. ಅದು ಟೀವಿಯಲ್ಲಿ ಬೇಕಾದಷ್ಟು ಬರುತ್ತದೆ. ನನಗೆ ಬೇಲಿಯ ವಿಡಿಯೋ ತನ್ನಿ.”

ಡಾಕ್ಟರ ಕಫೀಲ್, ಅಂದರೆ ಅವರನ್ನು ಈ ದೇಶಕ್ಕೆ ಕರೆಸಿಕೊಂಡ ಪ್ರಾಯೋಜಕ, ಈ ಮಾತು ಹೇಳಿದಾಗ ನಾನು ಕ್ಲಿನಿಕ್ಕಿನಲ್ಲೇ ಕುಳಿತಿದ್ದೆ. ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿ ಕುವೈತಿನ ಶುವೈಖ್‌ನಲ್ಲಿದೆ. ಕ್ಲಿನಿಕ್ಕು ಅಲ್ಲಿಯೇ, ಗ್ಯಾರೇಜುಗಳ ಸಾಲಿನ ಹಿಂದಿನ ರಸ್ತೆಯಲ್ಲಿತ್ತು. ಡೆಸ್ಕಿನ ಕೆಲಸ ಸಂಜೆ ಶುರುವಾಗುವುದರಿಂದ ಮಧ್ಯಾಹ್ನ ಅಲ್ಲಿಗೆ ಹೋಗಿ ಚಹಾ ಕುಡಿಯುವುದು ನನ್ನ ರೂಢಿಯಾಗಿತ್ತು. ಡಾಕ್ಟರು ಪಶುವೈದ್ಯರು, ಮಂಡ್ಯದ ಕಡೆಯವರು. ಕುವೈತಿಗೆ ಬರುವ ಮೊದಲು ಊರಿನ ಕಡೆ ಪಶುವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಇಲ್ಲಿ ಅವರ ಕೆಲಸ ಪರ್ಷಿಯನ್ ಬೆಕ್ಕುಗಳಿಗೆ ಚುಚ್ಚುಮದ್ದು ಕೊಡುವುದು, ಗಿಳಿಗಳ ಉಗುರು ಕತ್ತರಿಸುವುದು, ಬೇಟೆಯ ಗಿಡುಗಗಳ ಕಾಲಿನ ಬಾವಿಗೆ ಮದ್ದು ಹಚ್ಚುವುದು. ಖೈತಾನ್‌ನಲ್ಲಿ ನಾವಿಬ್ಬರೂ ಒಂದೇ ಕಟ್ಟಡದಲ್ಲಿದ್ದೆವು. ನಾನು ಒಂಟಿ, ಅವರ ಮನೆಯಲ್ಲಿ ಹೆಂಡತಿ, ಮತ್ತು ಹನ್ನೆರಡನೆಯ ತರಗತಿಯಲ್ಲಿ ಓದುವ ಮಗಳು.

ಕ್ಲಿನಿಕ್ಕಿನ ಮಾಲೀಕನೇ ಡಾಕ್ಟರ ಕಫೀಲ್. ಅವರ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಆತನ ಹೆಸರಿನ ಮೇಲೆ ನಿಂತಿತ್ತು. ಹೊಸ ನಿಯಮ ಬಂದ ಮೇಲೆ ಆತ ಫೋನಿನಲ್ಲಿ ಒಪ್ಪಿಗೆ ಒತ್ತದೆ ಎಕ್ಸಿಟ್ ಪರ್ಮಿಟ್ ಸಿಗುತ್ತಿರಲಿಲ್ಲ. ಅದಿಲ್ಲದೆ ಡಾಕ್ಟರು ವಿಮಾನ ಹತ್ತುವಂತಿರಲಿಲ್ಲ. ಆದರೂ ಆತನ ಬಗ್ಗೆ ಯಾರೂ ಕೆಟ್ಟದ್ದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಸಂಬಳ ತಡವಾಗುತ್ತಿರಲಿಲ್ಲ. ದನಿ ಎತ್ತಿ ಮಾತನಾಡುತ್ತಿರಲಿಲ್ಲ. ಇಂಗ್ಲಿಷು, ಹಿಂದಿ, ಅರಬ್ಬಿ ಬೆರೆಸಿದ ಆತನ ಮಾತು ಯಾವಾಗಲೂ ಉಪಚಾರದ ಮಾತೇ.

ಚಳಿ ಶುರುವಾಗುವ ಹೊತ್ತಿಗೆ ಆತ ಡಾಕ್ಟರಿಗೆ ಆಫ್ರಿಕಾಕ್ಕೆ ಎರಡು ಟಿಕೆಟ್ ಕೊಟ್ಟ. ನಮೀಬಿಯಾದಲ್ಲಿ ಚೀತಾಗಳನ್ನು ಉಳಿಸುವ ಕೆಲಸಕ್ಕೆ ಹೆಸರಾದ ಒಂದು ರಕ್ಷಿತಾರಣ್ಯವಿದೆ, ತಾಯಿ ಸತ್ತ ಮರಿಗಳನ್ನು ಅಲ್ಲಿ ಸಾಕುತ್ತಾರೆ, ನೋಡಿ ಬನ್ನಿ, ನಿಮಗೂ ಬದಲಾವಣೆ ಬೇಕು ಎಂದ. ಮಗಳ ಪರೀಕ್ಷೆಯ ತಯಾರಿ ನಡೆದಿದ್ದರಿಂದ ಹೆಂಡತಿ ಬರುವಂತಿರಲಿಲ್ಲ. ಎರಡನೆಯ ಟಿಕೆಟ್ ನನ್ನ ಹೆಸರಿಗೆ ಆಯಿತು.

ಹೊರಡುವ ಹಿಂದಿನ ದಿನ ಅವರ ಮನೆಯಲ್ಲಿ ಊಟ. ಬಡಿಸುತ್ತಾ ಡಾಕ್ಟರ ಹೆಂಡತಿ ನನ್ನನ್ನು ಕೇಳಿದರು: “ಬೆಕ್ಕಿಗೆ ಇಂಜೆಕ್ಷನ್ ಕೊಡೋರಿಗೆ ಚೀತಾ ಯಾಕಣ್ಣ ತೋರಿಸ್ತಾರೆ?”

“ಲೇ, ಚೀತಾನೂ ಬೆಕ್ಕಿನ ಜಾತಿನೇ ಕಣೇ,” ಎಂದು ಡಾಕ್ಟರು ನಕ್ಕರು.

“ನಾನು ಅಣ್ಣನ್ನ ಕೇಳಿದ್ದು.”

“ನನಗೂ ಗೊತ್ತಿಲ್ಲ ಅಕ್ಕ. ಬೇಲಿ ಯಾಕೆ ಬೇಕು ಅಂತ ನಾನೂ ಯೋಚನೆ ಮಾಡ್ತಾ ಇದ್ದೇನೆ,” ಎಂದೆ.

“ಏನ್ ಎಡಿಟರೇ ನೀವು! ಕಫೀಲ್ ತೋಟದಲ್ಲಿ ಕುರಿ ಇವೆ, ಬೇಲಿ ಹಾಕ್ಸ್ತಾರೆ. ಎಲ್ಲದ್ರಲ್ಲೂ ಹೆಡ್‌ಲೈನ್ ಹುಡುಕ್ಬೇಡ್ರೀ,” ಎಂದರು ಡಾಕ್ಟರು.

ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ವಿಂಡ್‌ಹುಕ್‌ನಲ್ಲಿ ಇಳಿದೆವು. ಅಲ್ಲಿಂದ ಜಲ್ಲಿರಸ್ತೆಯಲ್ಲಿ ಉತ್ತರಕ್ಕೆ ಪ್ರಯಾಣ. ನೆಲ ಕೆಂಪು, ಹುಲ್ಲು ಒಣಗಿ ಬಿಳಿಚಿತ್ತು, ಎಲ್ಲ ಕಡೆ ಮುಳ್ಳಿನ ಜಾಲಿ. ಆಳೆತ್ತರದ ಹುತ್ತಗಳ ನೆರಳಿನಲ್ಲಿ ಕಾಡುಹಂದಿಗಳು ನಿಂತಿದ್ದವು. ಕುವೈತಿನ ಮರಳು ಕಂಡ ಕಣ್ಣಿಗೆ ಅದು ತುಂಬಿದ ಕಾಡಿನಂತೆಯೇ ಕಂಡಿತು. ನಾವು ಭಾರತದವರೆಂದು ತಿಳಿದ ಚಾಲಕ ಕನ್ನಡಿಯಲ್ಲಿ ನಮ್ಮನ್ನು ನೋಡಿ, “ಇಲ್ಲಿಂದ ನಿಮ್ಮ ದೇಶಕ್ಕೆ ಹೋದ ಚೀತಾಗಳು ಹೇಗಿವೆ?” ಎಂದು ಕೇಳಿದ. ಸಂಬಂಧಿಕರನ್ನು ವಿಚಾರಿಸುವ ಧ್ವನಿ ಅದು. ನಾವು ಕುವೈತಿನಲ್ಲಿರುವವರು, ನೋಡಿಲ್ಲ ಎಂದೆವು. ಆಮೇಲೆ ಅವನು ಹೆಚ್ಚು ಮಾತನಾಡಲಿಲ್ಲ.

ಮರುದಿನ ಬೆಳಿಗ್ಗೆ ಕಾಡಿನ ಚೀತಾ ಕಂಡಿತು. ಜೀಪಿನಿಂದ ಸ್ವಲ್ಪ ದೂರದ ಹುತ್ತದ ಮೇಲೆ ಹೆಣ್ಣು ಚೀತಾ ಕುಳಿತಿತ್ತು. ಹುಲ್ಲಿನೊಳಗಿಂದ ಹಕ್ಕಿಮರಿ ಕೂಗಿದಂತೆ ಚಿಲಿಪಿಲಿ ಸದ್ದು ಬಂತು. ನಾನು ಮರದ ಮೇಲೆ ನೋಡಿದೆ. ಡಾಕ್ಟರು ನನ್ನ ಗಲ್ಲ ಹಿಡಿದು ಕೆಳಕ್ಕೆ ತಿರುಗಿಸಿದರು. “ಹಕ್ಕಿ ಅಲ್ರೀ, ಮರಿಗಳು. ಚೀತಾ ಮರಿ ಹಿಂಗೇ ಕೂಗೋದು.” ಬೆನ್ನ ಮೇಲೆ ಬೂದಿಬಣ್ಣದ ಜೂಲು ಹೊತ್ತ ಮರಿಗಳು ಹುಲ್ಲಿನಿಂದ ಹೊರಬಂದು ತಾಯಿಯ ಹೊಟ್ಟೆಗೆ ಅಂಟಿಕೊಂಡವು. ಡಾಕ್ಟರು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ಮತ್ತು ನೋಡದವನಂತೆ ಕೂತೆ.

ಅನಾಥ ಮರಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಪಶುವೈದ್ಯೆ. ಬಂದವರು ಪಶುವೈದ್ಯರೆಂದು ಸಂತೋಷಪಟ್ಟು ಅವರು ಎಲ್ಲವನ್ನೂ ತೋರಿಸಿದರು. ಮೇಲ್ತುದಿ ಒಳಕ್ಕೆ ಬಾಗಿದ ಬಲೆಬೇಲಿ. ಒಂದನ್ನು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುವ ಜೋಡಿ ಬಾಗಿಲು. ಕಫೀಲ್ ಕೇಳಿಕೊಂಡಂತೆ ನಾನು ಅವುಗಳ ವಿಡಿಯೋ ಮಾಡಿದೆ. ನಂತರ ಅವರು ಹಾಲು ಕುಡಿಸುವುದನ್ನು ತೋರಿಸಿದರು. ಕಳ್ಳಸಾಗಣೆಯ ಮರಿಗಳು ಹೆಚ್ಚಾಗಿ ಸಾಯುವುದು ಇಲ್ಲೇ ಎಂದರು. ಮನುಷ್ಯರ ಮಗುವಿನಂತೆ ಅಂಗಾತ ಮಲಗಿಸಿ ಬಾಟಲಿ ಇಡುತ್ತಾರೆ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗಿ ಮಲಗಿಸಬೇಕು, ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು ತಲೆ ಎತ್ತಿ ನಿಲ್ಲುವಂತೆ ಮಾಡಬೇಕು.

ಸುತ್ತಿದ ಟವೆಲ್ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಡಾಕ್ಟರು ಅದನ್ನು ಕೇಳಿ ತೆಗೆದುಕೊಂಡು, ಹುರಿಮಾಡಿ, ಉಂಗುರದಂತೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದರು. ನಮ್ಮಲ್ಲಿ ಹೆಂಗಸರು ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆ! ಅದರ ಮೇಲೆ ಮರಿಯ ಎದೆ ಸರಿಯಾಗಿ ಕೂತಿತು, ಮುಂಗಾಲು ಎರಡೂ ಬದಿಗೆ ಇಳಿಬಿದ್ದವು. ಪಶುವೈದ್ಯೆ ಚಪ್ಪಾಳೆ ತಟ್ಟಿದರು.

“ನಮ್ಮವ್ವಂಗೆ ಹೇಳ್ಬೇಕು,” ಎಂದರು ಡಾಕ್ಟರು ನನ್ನ ಕಡೆ ತಿರುಗಿ, “ನಿನ್ನ ಸಿಂಬೆ ಆಫ್ರಿಕಾದಲ್ಲಿ ಪಾಸಾಯ್ತು ಅಂತ.”

ನಂತರ ಅವರು ಆ ಹೆಂಗಸನ್ನು ಕೇಳಿದರು, ಕದ್ದ ಮರಿಗಳನ್ನು ಎಲ್ಲಿಗೆ ಸಾಗಿಸುತ್ತಾರೆ ಎಂದು. ಖಂಡದ ಪೂರ್ವದ ತುದಿಯಿಂದ, ದೋಣಿಯಲ್ಲಿ, ಸಮುದ್ರದ ಆಚೆಗೆ ಎಂದರು ಆಕೆ. ಬಾಟಲಿ ತೊಳೆಯುತ್ತಾ, ಮುಖ ಎತ್ತದೆ, “ನೀವು ಬಂದ ಕಡೆಗೆ,” ಎಂದು ಸೇರಿಸಿದರು.

ಊರಿಂದ ಬರುವಾಗ ಕಫೀಲ್‌ಗೆ ಗೋಡಂಬಿಯೋ ಗಂಧದ ಸೋಪೋ ಮೈಸೂರು ಪಾಕೋ ತಂದುಕೊಡುವುದು ನಮ್ಮವರಲ್ಲಿ ವಾಡಿಕೆ. ಬರಿಗೈಯಲ್ಲಿ ಹೋದರೆ ಮರ್ಯಾದೆಯಲ್ಲ. ಆಫ್ರಿಕಾದಿಂದ ಏನು ತರುವುದೆಂದು ಡಾಕ್ಟರು ವಿಮಾನ ಪ್ರಯಾಣದುದ್ದಕ್ಕೂ ಯೋಚಿಸಿದರು. ಕೊನೆಗೆ ಅವರು ಕೊಟ್ಟದ್ದು ತಮಗೆ ಚೆನ್ನಾಗಿ ಬರುವುದನ್ನೇ: ಒಂದು ಪಾಠ.

ಕಫೀಲ್‌ನ ದಿವಾನಿಯಾದಲ್ಲಿ, ಗಂಡಸರು ಸಂಜೆ ಸೇರುವ ಆ ಉದ್ದನೆಯ ಕೋಣೆಯಲ್ಲಿ, ಗೋಡೆಗೊರಗಿದ ದಿಂಬುಗಳ ಮೇಲೆ ಆತನ ಸ್ನೇಹಿತರು ಕುಳಿತಿದ್ದರು. ನಾನು ಬಾಗಿಲ ಬಳಿ ಇದ್ದೆ. ಡಾಕ್ಟರು ಮರಿಗಳ ಕಳ್ಳಸಾಗಣೆಯ ವಿಷಯ ಹೇಳಿದರು. ಅದು ಎಷ್ಟು ಕ್ರೂರ, ಮರಿಗಳು ಯಾಕೆ ಸಾಯುತ್ತವೆ ಎಂದು ವಿವರಿಸಿದರು. ಕೇಳಿದವರ ಮನಸ್ಸು ಕರಗಲಿ ಎಂಬುದೇ ಅವರ ಉದ್ದೇಶವಾಗಿತ್ತು. ಅದರಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಕಾಲೇಜಿನ ಮೇಷ್ಟ್ರು ಒಳಗಿಂದ ಎದ್ದು ಬಂದಿದ್ದರು. ಟವೆಲ್ ತರಿಸಿದರು. ಸಿಂಬೆ ಸುತ್ತಿದರು. ಒಂದು ಸಣ್ಣ ದಿಂಬನ್ನೇ ಮರಿಯೆಂದು ಅದರ ಮೇಲೆ ಮಲಗಿಸಿ, ಬಾಟಲಿಯ ಬದಲು ಪೆನ್ನು ಹಿಡಿದು, ಹೀಗೆ ಹಿಡಿದರೆ ಬದುಕುತ್ತದೆ, ಹೀಗೆ ಹಿಡಿದರೆ ಸಾಯುತ್ತದೆ ಎಂದು ತೋರಿಸಿದರು.

ಕ್ರೌರ್ಯದ ಮಾತು ಬಂದಾಗ ಕೆಲವರು ಕಾಫಿಯ ಬಟ್ಟಲು ತುಂಬಿಸಿಕೊಳ್ಳುತ್ತಿದ್ದರು. ದಿಂಬನ್ನು ಮಲಗಿಸಿದ ಕೂಡಲೇ ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತು. ಒಬ್ಬ, “ದಕ್ತೂರ್, ಇನ್ನೊಂದು ಸಲ, ನಿಧಾನವಾಗಿ,” ಎಂದ. ಡಾಕ್ಟರು ಸಿಂಬೆ ಬಿಚ್ಚಿ, ನಿಧಾನವಾಗಿ, ಮತ್ತೆ ಸುತ್ತಿದರು.

ಕಾರಿನಲ್ಲಿ ಅವರು ಖುಷಿಯಲ್ಲಿದ್ದರು. “ನೋಡಿದ್ರಾ? ಎಷ್ಟು ಆಸಕ್ತಿಯಿಂದ ಕೇಳಿದ್ರು!”

“ಹೌದು ಡಾಕ್ಟ್ರೇ. ಅದೇ ನನಗೆ ಸರಿ ಕಾಣಲಿಲ್ಲ.”

ಅವರು ರೇಡಿಯೋ ಹಾಕಿದರು.

ಕೆಲವು ವಾರ ಕಳೆದ ಮೇಲೆ ಕಚೇರಿಗೆ ನಡೆದು ಹೋಗುವಾಗ ಶುವೈಖ್‌ನ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ನಿಂತೆ. ಗೋಡೆಗೆ ಬಲೆಬೇಲಿಯ ತುಂಡುಗಳನ್ನು ಒರಗಿಸಿದ್ದರು. ಮೇಲ್ತುದಿ ಒಳಕ್ಕೆ ಬಾಗಿತ್ತು. ಪಕ್ಕದಲ್ಲಿ ಜೋಡಿ ಬಾಗಿಲಿನ ಚೌಕಟ್ಟು. ಕೆಲಸಗಾರ ಫೋನನ್ನು ಡಬ್ಬಿಗೆ ಆನಿಸಿ ಒಂದು ವಿಡಿಯೋ ನೋಡಿಕೊಂಡು ಕೋನ ಸರಿಮಾಡುತ್ತಿದ್ದ. ಆ ವಿಡಿಯೋದ ಕೊನೆಯಲ್ಲಿ, ಬೇಲಿಯ ಆಚೆಗಿನ ಕೆಂಪು ನೆಲದ ಮೇಲೆ, ನನ್ನದೇ ನೆರಳು ಬಿದ್ದಿತ್ತು.

ಡಾಕ್ಟರಿಗೆ ಹೇಳಿದೆ. ಅವರು, “ಕುರಿಗೆ ಇರ್ಬೋದು,” ಎಂದರು. ಈ ಸಲ ನಗಲಿಲ್ಲ.

ಚಳಿ ಜೋರಾಗಿದ್ದಾಗ, ಒಂದು ಶುಕ್ರವಾರ ಬೆಳಿಗ್ಗೆ ಕಫೀಲ್‌ನ ಫೋನು ಬಂತು. ವಫ್ರಾದ ತೋಟದಲ್ಲಿ ಒಂದು ಬೆಕ್ಕು ಸುಸ್ತಾಗಿದೆ, ಬನ್ನಿ ಎಂದು. ಡಾಕ್ಟರು ನನ್ನ ಬಾಗಿಲು ತಟ್ಟಿದರು. “ನೀವೂ ಬನ್ನಿ ಎಡಿಟರೇ. ತಾಜಾ ಸೌತೆಕಾಯಿ ಕೊಡ್ತಾರೆ.” ಅವರ ಮುಖದಲ್ಲಿ ಸೌತೆಕಾಯಿಯ ಉತ್ಸಾಹವಿರಲಿಲ್ಲ.

ದಕ್ಷಿಣದ ಹೆದ್ದಾರಿಯಲ್ಲಿ ಹೋದೆವು. ಮರುಭೂಮಿಯಲ್ಲಿ ಚಳಿಗಾಲದ ಡೇರೆಗಳು ಎದ್ದಿದ್ದವು, ದೂರದಲ್ಲಿ ತೈಲಬಾವಿಯ ಬೆಂಕಿ. ತೋಟದಲ್ಲಿ ಸೌತೆಯ ಪ್ಲಾಸ್ಟಿಕ್ ಮನೆಗಳು, ಕುರಿಗಳು, ಖರ್ಜೂರದ ಮರಗಳು. ಕಾರಿನಿಂದ ಇಳಿದ ಕೂಡಲೇ ಚಿಲಿಪಿಲಿ ಸದ್ದು ಕೇಳಿಸಿತು. ಈ ಬಾರಿ ನಾನು ಮರದ ಮೇಲೆ ನೋಡಲಿಲ್ಲ. ಡಾಕ್ಟರು ಕಾರಿನ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟರು.

ಜೋಡಿ ಬಾಗಿಲು ದಾಟಿ ಒಳಗೆ ಹೋದೆವು. ತೋಟದ ಕೆಲಸಗಾರ, ಬಾಂಗ್ಲಾದೇಶದವನು, ನೆಲದ ಮೇಲೆ ಕುಳಿತು ಚೀತಾಮರಿಗೆ ಹಾಲು ಕುಡಿಸುತ್ತಿದ್ದ. ಮರಿ ಹೊಟ್ಟೆ ಕೆಳಗಾಗಿ ಮಲಗಿತ್ತು. ಅದರ ಎದೆಯ ಕೆಳಗೆ ಹುರಿಮಾಡಿದ ಟವೆಲಿನ ಉಂಗುರ, ತುದಿಯನ್ನು ಒಳಗೆ ಸಿಕ್ಕಿಸಿದ್ದ.

“ಡಾಕ್ಟರ್ ಸಾಬ್, ಆಪ್ ಕಾ ವಿಡಿಯೋ ದೇಖಾ,” ಎಂದ ಅವನು, ಮೆಚ್ಚುಗೆಯ ಮುಖದಲ್ಲಿ. “ಠೀಕ್ ಹೈ ನಾ?”

ಡಾಕ್ಟರು ಮಂಡಿಯೂರಿದರು. ಮರಿಯ ಹಿಂಗಾಲುಗಳು ಬಾಗಿದ್ದವು, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಹಾಲಿನ ಜೊತೆ ಕೋಳಿಯ ಎದೆಮಾಂಸ ಮಾತ್ರ ಹಾಕಿದ್ದರು, ಮೂಳೆಯಿಲ್ಲದ್ದು. ಸುಣ್ಣದ ಅಂಶ ಇಲ್ಲದೆ ಮೂಳೆ ಮೆತ್ತಗಾಗಿತ್ತು. ಅವರು ಸೂಜಿ ಚುಚ್ಚಿದರು, ಏನು ತಿನ್ನಿಸಬೇಕೆಂದು ಹೇಳಿದರು. ಅಷ್ಟರಲ್ಲಿ ಕಫೀಲ್ ಬಂದು ಹಿಂದೆ ನಿಂತಿದ್ದ.

“ಸರ್, ಇದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ,” ಎಂದರು ಡಾಕ್ಟರು ಎದ್ದು.

“ನನಗೆ ಕಾನೂನು ಗೊತ್ತಿಲ್ಲ ದಕ್ತೂರ್. ನನಗೆ ನೀವು ಗೊತ್ತು.” ಆತ ಅವರ ಹೆಗಲ ಮೇಲೆ ಕೈಯಿಟ್ಟ. “ಮೊದಲು ತಂದವು ಸತ್ತುಹೋದವು. ಇದು ಬದುಕಿದೆ. ಮದ್ದು ನಿಮ್ಮದು, ಕ್ಲಿನಿಕ್ಕಿನ ಬೋರ್ಡಿನ ಮೇಲೆ ಹೆಸರು ನಿಮ್ಮದು, ವಿಡಿಯೋದಲ್ಲಿ ಮುಖ ನಿಮ್ಮದು. ನಾವು ಒಂದೇ ಮನೆಯವರು. ಇನ್ನೂ ಬರುವುದಿದೆ, ಇನ್‌ಶಾ ಅಲ್ಲಾ. ಯಲ್ಲಾ, ಕಾಫಿ ಕುಡಿಯೋಣ.”

ಹೊರಡುವಾಗ ಆತ ನಮ್ಮ ಡಿಕ್ಕಿಗೆ ಒಂದು ಪೆಟ್ಟಿಗೆ ಸೌತೆಕಾಯಿ ಇಡಿಸಿದ.

ಅಂದು ಮಧ್ಯಾಹ್ನ ಖೈತಾನ್‌ನ ಮನೆಯಲ್ಲಿ ನಡೆದ ಮಾತನ್ನು ನಾನು ಕೇಳಿದಂತೆಯೇ ಬರೆಯುತ್ತೇನೆ.

“ಜೈಲು, ಇಲ್ಲಾಂದ್ರೆ ಡಿಪೋರ್ಟು. ಎರಡ್ರಲ್ಲಿ ಒಂದು,” ಎಂದರು ಡಾಕ್ಟರು. “ಅವ್ನಿಗೇನಾಗುತ್ತೋ ಗೊತ್ತಿಲ್ಲ. ನನಗಂತೂ ಆಗುತ್ತೆ.”

“ಹಾಗಾದ್ರೆ ಹೋಗ್ಬೇಡಿ ರೀ. ಇನ್ಮೇಲೆ ಆ ತೋಟಕ್ಕೆ ಕಾಲಿಡ್ಬೇಡಿ.”

“ಹೋಗ್ದಿದ್ರೆ ಮರಿ ಸಾಯುತ್ತೆ ಕಣೇ.”

“ನೀವು ಉಳಿಸ್ತಾ ಹೋದಷ್ಟೂ ಅವ್ರು ತರಿಸ್ತಾ ಹೋಗ್ತಾರೆ. ಆಗ ಸಾಯೋದು ಎಷ್ಟು?”

ಡಾಕ್ಟರು ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಒಳಕೋಣೆಯಿಂದ ಮಗಳು, “ಅಪ್ಪಾ, ಜಸ್ಟ್ ರಿಪೋರ್ಟ್ ಹಿಮ್! ವಾಟ್ ಈಸ್ ದೇರ್ ಟು ಥಿಂಕ್?” ಎಂದಳು.

“ನೀನು ಫಿಸಿಕ್ಸ್ ಓದು. ಇಲ್ಲಿ ಕಿವಿ ಕೊಡ್ಬೇಡ,” ಎಂದರು ತಾಯಿ.

ನನ್ನ ಅಭಿಪ್ರಾಯ ಕೇಳಿದರು. ಇಲಾಖೆಗೆ ತಿಳಿಸುವುದೇ ಸರಿ ಎಂದೆ. ಆದರೆ ದೂರು ಹೋದ ದಿನ ಡಾಕ್ಟರು ಈ ದೇಶದಲ್ಲಿದ್ದರೆ, ಮೊದಲು ಹಿಡಿಯುವುದು ವಿಡಿಯೋದಲ್ಲಿ ಮುಖ ಇರುವವನನ್ನು, ಅದೂ ನಿಜ ಎಂದೆ. ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಬೇಕು. ಅದನ್ನು ಕೊಡಬೇಕಾದವನು ಕಫೀಲ್. ಮಾತು ಅಲ್ಲಿಗೆ ಬಂದು ನಿಂತಿತು.

ಮುಂದಿನ ವಾರಗಳಲ್ಲಿ ಡಾಕ್ಟರು ತೋಟಕ್ಕೆ ಹೋಗುತ್ತಲೇ ಇದ್ದರು. ತೂಕ ಇಳಿದಿತ್ತು. ಚಹಾ ತಣ್ಣಗಾಗುವವರೆಗೆ ಕ್ಲಿನಿಕ್ಕಿನ ಬಾಗಿಲನ್ನೇ ನೋಡುತ್ತಿದ್ದರು. ಮರಿ ಎದ್ದು ನಿಂತಿತು ಎಂದು ಒಂದು ದಿನ ಹೇಳಿದರು. ಮರುಕ್ಷಣವೇ, ಪಕ್ಕದಲ್ಲಿ ಹೊಸ ಬೋನು ಕಟ್ಟುತ್ತಿದ್ದಾರೆ, ಸರಳು ಇದಕ್ಕಿಂತ ದಪ್ಪ ಎಂದರು.

ಅದು ಯಾವುದಕ್ಕೆಂದು ಕಫೀಲ್ ತಾನೇ ಹೇಳಿದ. ಮರಿ ಓಡಾಡತೊಡಗಿದ ಸಂತೋಷಕ್ಕೆ ಆತ ಕ್ಲಿನಿಕ್ಕಿಗೆ ಬಂದಿದ್ದ. “ಮಗಳ ಪರೀಕ್ಷೆ ಮುಗಿಯಲಿ ದಕ್ತೂರ್. ಈ ಸಲ ಸಂಸಾರ ಸಮೇತ ಹೋಗಿ. ಸಿಂಹಗಳ ಜಾಗ ಒಂದಿದೆ, ಅದಕ್ಕೂ ಒಳ್ಳೆಯ ಹೆಸರು. ಬೇಲಿ, ಬಾಗಿಲು, ಮರಿಗಳ ಊಟ, ಎಲ್ಲ ನೋಡಿಕೊಂಡು ಬನ್ನಿ. ಖಲಾಸ್, ಟಿಕೆಟ್ ನಾನು ಮಾಡಿಸುತ್ತೇನೆ.”

ಡಾಕ್ಟರು ಆತನ ಕೈ ಹಿಡಿದು ಶುಕ್ರನ್ ಎಂದರು. ಕಾರು ಹೊರಟ ಮೇಲೆ ನನ್ನ ಕಡೆ ತಿರುಗಿದರು. ಈ ಸಲ ಎಕ್ಸಿಟ್ ಪರ್ಮಿಟ್ ಸಂಸಾರಕ್ಕೆಲ್ಲ ಬರುತ್ತದೆಂದು ಇಬ್ಬರಿಗೂ ಹೊಳೆದಿತ್ತು. ಹೇಳುವ ಅಗತ್ಯವಿರಲಿಲ್ಲ.

ಪರೀಕ್ಷೆ ಮುಗಿಯಿತು. ಕಫೀಲ್ ಫೋನಿನಲ್ಲಿ ಒಪ್ಪಿಗೆ ಒತ್ತಿದ. ಮನೆ ಖಾಲಿ ಮಾಡಿದರೆ ಸುದ್ದಿಯಾಗುತ್ತದೆ. ಆದ್ದರಿಂದ ಸೋಫಾ, ಫ್ರಿಜ್ಜು, ಊರಿಂದ ತರಿಸಿದ ಗ್ರೈಂಡರು ಇದ್ದಲ್ಲೇ ಇದ್ದವು. ಹಲವು ವರ್ಷಗಳ ಸಂಸಾರದಿಂದ ಪ್ರವಾಸಿಗರು ಒಯ್ಯುವಷ್ಟನ್ನೇ ಒಯ್ದರು. ಹುಡುಗಿ ಯಾವ ಸ್ನೇಹಿತೆಗೂ ವಿದಾಯ ಹೇಳುವಂತಿರಲಿಲ್ಲ. ಬೆಳಿಗ್ಗೆ ನಾನೇ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟೆ. ಕೌಂಟರಿನಲ್ಲಿ ಪರ್ಮಿಟ್ ನೋಡಿದ ಹುಡುಗ, “ಸಫಾರಿನಾ? ಮಜಾ ಮಾಡಿ ಭಾಯಿ,” ಎಂದ. ಡಾಕ್ಟರ ಹೆಂಡತಿ ನನ್ನ ಕೈಗೆ ಮನೆಯ ಕೀಲಿ ಕೊಟ್ಟು, “ಅಣ್ಣ, ಫ್ರಿಜ್ಜಲ್ಲಿ ಹಿಟ್ಟಿದೆ, ಇವತ್ತೇ ದೋಸೆ ಮಾಡ್ಕೊಳ್ಳಿ, ಹುಳಿ ಬರುತ್ತೆ,” ಎಂದು ಮುಖ ತಿರುಗಿಸಿದರು.

ಅಡಿಸ್ ಅಬಾಬಾದಿಂದ ಅವರು ಸಿಂಹಗಳ ಕಡೆ ಹೋಗಲಿಲ್ಲ. ಬೆಂಗಳೂರಿನಲ್ಲಿ ಇಳಿದು, “ಮುಟ್ಟಿದ್ವಿ,” ಎಂದು ಮೆಸೇಜು ಕಳಿಸಿದರು. ಮೊದಲೇ ಮಾತಾದಂತೆ, ನಾನು ಕಂಡದ್ದನ್ನೆಲ್ಲ ಪರಿಸರ ಇಲಾಖೆಗೆ ತಿಳಿಸಿದೆ. ಅಧಿಕಾರಿಗಳು ಗಂಭೀರವಾಗಿ ಕೇಳಿಕೊಂಡರು, ತೋಟಕ್ಕೂ ಹೋದರು. ಅಲ್ಲಿ ಕುರಿಗಳಿದ್ದವು. ಬೋನುಗಳು ಇದ್ದವು, ಒಳಗೆ ಹುಲ್ಲಿನ ಹೊರೆ ಪೇರಿಸಿತ್ತು. ಡಾಕ್ಟರು ಫೋನು ಎತ್ತದಿದ್ದ ದಿನವೇ ಕಫೀಲ್ ಮರಿಯನ್ನು ಸಾಗಿಸಿದ್ದನೆಂದು ನನ್ನ ಊಹೆ. ಅದು ಊಹೆ ಮಾತ್ರ.

ಕಫೀಲ್ ಒಮ್ಮೆ ನನಗೆ ಫೋನು ಮಾಡಿದ. ಡಾಕ್ಟರು ಬರುವುದಿಲ್ಲವೇ ಎಂದು ಕೇಳಿದ. ಬರುವುದಿಲ್ಲ ಎಂದೆ.

“ಒಳ್ಳೆಯ ಮನುಷ್ಯ,” ಎಂದ ಆತ, ಎಂದಿನ ಮೆದು ದನಿಯಲ್ಲಿ. “ಪರವಾಗಿಲ್ಲ. ವಿಡಿಯೋ ಇದೆ.”

ಬೇಸಿಗೆ ಏರಿದ ಮೇಲೆ ಒಂದು ಸಂಜೆ ಡೆಸ್ಕಿನಲ್ಲಿ ಜೊತೆಯವರು ಒಂದು ಫೋನಿನ ಸುತ್ತ ಸೇರಿದ್ದರು. ಎಲ್ಲಿಂದಲೋ ಹರಿದು ಬಂದ ತುಣುಕು. ಅಮೃತಶಿಲೆಯ ನೆಲದ ಹಜಾರ, ಚಿನ್ನದ ಅಂಚಿನ ಸೋಫಾ, ಬಾಟಲಿ ಹಿಡಿದ ಯಾರದೋ ಕೈ. ಯಾವ ಊರು, ಯಾವ ದೇಶ ಎಂದು ಹೇಳಲು ಅದರಲ್ಲಿ ಏನೂ ಇರಲಿಲ್ಲ. ಸಿಂಹದ ಮರಿ. “ಎಷ್ಟು ಮುದ್ದಾಗಿದೆ, ವೆಬ್‌ಸೈಟಿಗೆ ಹಾಕೋಣವೇ?” ಎಂದು ಒಬ್ಬರು ಕೇಳಿದರು. ಬೇಡ ಎಂದೆ. ಮರಿಯ ಎದೆಯ ಕೆಳಗೆ ಹಸಿರು ಟವೆಲಿನ ಸಿಂಬೆ ಇತ್ತು.

ಹೊರಗೆ ಬಂದು ಡಾಕ್ಟರಿಗೆ ಫೋನು ಮಾಡಿದೆ. ಅವರು ಈಗ ಮಂಡ್ಯದಲ್ಲಿ ಎಮ್ಮೆ, ಹಸು ನೋಡುತ್ತಾರೆ. ಕಂಡದ್ದನ್ನು ಹೇಳಿದೆ. ಹಿಂದಿನಿಂದ ಕರು ಕೂಗುವುದು ಕೇಳಿಸುತ್ತಿತ್ತು.

“ಅಂಗಾತ ಹಿಡ್ದಿದ್ರಾ?” ಎಂದು ಕೇಳಿದರು.

“ಇಲ್ಲ ಡಾಕ್ಟ್ರೇ. ಹೊಟ್ಟೆ ಕೆಳಗೆ. ಸಿಂಬೆಯ ಮೇಲೆ.”

“ತುದಿ ಒಳಗೆ ಸಿಕ್ಸಿತ್ತಾ?”

“ಸಿಕ್ಕಿಸಿತ್ತು.”

ಉಸಿರು ಬಿಟ್ಟದ್ದು ಕೇಳಿಸಿತು.

“ಹಾಗಾದ್ರೆ ಬದುಕುತ್ತೆ,” ಎಂದರು ಅವರು.